ಹಿಡಿ ಲೆಕ್ಕ

ಮಾಂಗ್ ಥಿತ್ ಕಾಲುವೆಯ ದಂಡೆಗೆ
ಇಟ್ಟಿಗೆ ಗೂಡುಗಳು ಇನ್ನೂ ಹನ್ನೊಂದು ಉರಿಯುತ್ತವೆ.
ಭತ್ತದ ಹೊಟ್ಟು ದೋಣಿಯಲ್ಲಿ ಬರುತ್ತದೆ, ಬೆಟ್ಟದಂತೆ;
ಬೆಟ್ಟ ಕಾಣದ ನಮಗೆ ಅದೇ ಬೆಟ್ಟ.
ಅಮ್ಮ ನಲವತ್ತು ವರ್ಷ ಆ ಬೆಟ್ಟವನ್ನು
ಮೊರ ಮೊರವಾಗಿ ಬೆಂಕಿಯ ಬಾಯಿಗೆ ಉಣಿಸಿದಳು.
ನಾನು ಊತ್, ಕಡೆಯವಳು. ನನ್ನ ಪಾಲಿಗೆ ಬಂದದ್ದು
ಬೂದಿ ಎಳೆಯುವ ಗೋರೆ.

ಬೂದಿ ಯಾರಿಗೆ ಬೇಕು?
ಕಾಲುವೆಗೆ ಸುರಿದರೆ ಮೀನಿನವರ ಬೈಗುಳ,
ಗಾಳಿಗೆ ಬಿಟ್ಟರೆ ಬಟ್ಟೆ ಒಣಹಾಕಿದವರ ಬೈಗುಳ.

ಆಮೇಲೆ ಕಾನ್ ಥೋದಿಂದ ಬಂದಳು ನ್ಯೆನ್,
ಮಂಡಿಯವರೆಗೆ ಕೆಸರು ಮೆತ್ತಿದ ಎಂಜಿನಿಯರು.
ಶಾಲೆಯ ದಾರಿ ವರುಷಕ್ಕೊಂದು ಗೇಣು ಇಳಿಯುತ್ತದಲ್ಲ,
ಅದನ್ನು ನಿಲ್ಲಿಸಲು ಜಲ್ಲಿಯಲ್ಲ, ನನ್ನ ಬೂದಿ ಕೇಳಿದಳು!
"ಕಪ್ಪಗಿರುವುದು ಬೇಡ, ಅದು ಅರೆಬೆಂದದ್ದು.
ಪೂರ್ತಿ ಬೆಂದು ಬಿಳಿಚಿದ್ದು ಕೊಡು."
ಬೆಂದದ್ದಕ್ಕೂ ಅರೆಬೆಂದದ್ದಕ್ಕೂ
ಬೆಲೆ ಬೇರೆಯೆಂದು ನನಗೆ ಗೊತ್ತಾದದ್ದು ಆವತ್ತು.

ಮೋ ಕಾಯ್‌ನಿಂದ ತೆಂಗಿನ ನಾರು ಬಂತು, ಮೂಟೆಗಟ್ಟಲೆ.
ಹೂವಿನ ಜೊತೆ ಸ್ವರ್ಗಕ್ಕೆ ಹೋಗುವ ನಾರಲ್ಲ ಇದು;
ಬೆರಳುದ್ದ ಕತ್ತರಿಸಿಕೊಂಡು
ಕೆಸರಿನ ಜೊತೆ ಕೆಳಕ್ಕೆ ಹೋಗುವ ನಾರು.

ಬರೀ ಮಣ್ಣಿನ ಉರುಳೆಯನ್ನು ಯಂತ್ರ ಅದುಮಿತು:
ಮುದುಡಿ ಕೂತಿತು, ಉಂಡು ಮಲಗಿದ ನಾಯಿಯ ಹಾಗೆ.
ಬೂದಿ ಸುಣ್ಣ ಕಲಸಿದ್ದನ್ನು ಅದುಮಿತು:
ಬಹಳ ಹೊತ್ತು ತಡೆದು, ಒಮ್ಮೆಲೇ ಫಟ್ಟೆಂದು ಸೀಳಿಹೋಯಿತು.
ನಾರೂ ಇದ್ದದ್ದು
ಬಿರಿಯಿತು, ಬೀಳಲಿಲ್ಲ.
ಬಿರುಕಿನ ಎರಡೂ ದಡ ಹಿಡಿದು
ಕಂದು ಎಳೆಗಳು ನಿಂತಿದ್ದವು.
ನ್ಯೆನ್ ಏನೋ ಅಂಕಿ ಬರೆದುಕೊಂಡಳು.
ನಾನು ಅಮ್ಮನನ್ನು ನೆನೆದೆ.

ಅಮ್ಮನ ಗೋರಿ ಗದ್ದೆಯ ಮೂಲೆಯಲ್ಲಿ
ಎಡಕ್ಕೆ ವಾಲಿದೆ. ಬದುಕಿದ್ದಾಗಲೂ ಹಾಗೇ ನಿಲ್ಲುತ್ತಿದ್ದಳು,
ಸೊಂಟದ ಮೇಲೆ ಮೊರ ಇಟ್ಟು.
ಕಳೆದ ಮಳೆಗಾಲ ಕಲ್ಲಿನ ಹೆಸರಿಗೆ ನೀರು ತಾಗಿತ್ತು.

ಒಂದು ರಾತ್ರಿ ಕದ್ದೆ. ನನ್ನದೇ ಬೂದಿ, ಎರಡು ಚೀಲ.
ನಾರು ಒಂದು ಮಡಿಲು.
ಸುಣ್ಣಕ್ಕೆ ಅಮ್ಮನ ಎಲೆಯಡಿಕೆಯ ಕುಡಿಕೆ ಕೆರೆದೆ.
ಸಾಲಲಿಲ್ಲ, ಅಂಗಡಿಯದ್ದೂ ಬೆರೆಸಿದೆ.
ಅವಳೇ ಹೇಳುತ್ತಿದ್ದಳು: ಸುಣ್ಣ ತಾಗದೆ ಬಾಯಿ ಕೆಂಪಾಗದು.
ಹೊಂಡ ತೋಡಿ, ತುಳಿದು ತುಳಿದು ಎಡಗಡೆ ತುಂಬಿದೆ.

ಬೆಳಿಗ್ಗೆ ನ್ಯೆನ್ ಚೀಲ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.
ನನ್ನ ಮೊಣಕಾಲ ತನಕದ ಬಿಳಿ ಕಂಡಳು.
"ನೂರಕ್ಕೆ ಎಷ್ಟು ಹಾಕಿದೆ?"
"ಹಿಡಿ ಲೆಕ್ಕ," ಅಂದೆ.
"ಇಪ್ಪತ್ತೆಂಟು ದಿನ ಯಾರೂ ಅಲುಗಿಸಬಾರದು," ಅಂದು
ಪುಸ್ತಕದಲ್ಲಿ ಎರಡು ಚೀಲ
ಗಾಳಿಗೆ ಹೋಯಿತು ಎಂದು ಬರೆದಳು.

ಇವತ್ತಿಗೆ ಹತ್ತೊಂಬತ್ತು.
ಶಾಲೆಯ ದಾರಿ ಇನ್ನೂ ಅರ್ಧಕ್ಕಿದೆ.
ಗೋರಿಯ ಹತ್ತಿರ ಹೋಗುವಾಗ
ಹಗುರವಾಗಿ ಕಾಲಿಡುತ್ತೇನೆ,
ಈಗಷ್ಟೇ ಮಗು ಮಲಗಿಸಿದವಳ ಹಾಗೆ.