ಮೂರು ಡಿಗ್ರಿ

ಹಾಸನದ ಎಪಿಎಂಸಿ ಹಿಂದೆ, ಕೋಲ್ಡ್ ಸ್ಟೋರೇಜಿನಲ್ಲಿ
ರಾತ್ರಿ ಪಾಳಿ ನನ್ನದು.
ಜಲಂಧರದ ಬೀಜದ ಆಲೂಗಡ್ಡೆ
ಮೂಟೆಮೂಟೆ ಕಣ್ಣು ಮುಚ್ಚಿದೆ.
ಕಂಪ್ರೆಸರ್ ಕೆಮ್ಮಿದರೆ ಓಡುತ್ತೇನೆ.
ನಿದ್ದೆ ತಂತಾನೇ ಉಳಿಯಲ್ಲ,
ಯಾರೋ ಎಚ್ಚರ ಇರಬೇಕು.

ಬುತ್ತಿ ತಂದ ಜಯಶೀಲಾ
ಸೈನ್ಸ್ ಕಾಲೇಜಿನ ಪಾಠ ಹೇಳುತ್ತಾಳೆ:
ಮಿದುಳಿನೊಳಗೂ ಹೀಗೇ ಮಲಗಿವೆಯಂತೆ
ಒಂದಷ್ಟು ಕೋಶ, ವಯಸ್ಸಾದ ಮೇಲೂ ಮೊಳೆಯಬಲ್ಲವು.
'ಏಳು' ಅನ್ನೋ ಚೀಟಿಯನ್ನ
ಜೀನು ದಿನಾ ಬರೆಯುತ್ತಂತೆ,
ಓದುವ ಮೊದಲೇ ಇನ್ನೊಂದು ಕೈ
ದಿನಾ ಹರಿದು ಹಾಕುತ್ತಂತೆ.

'ಇದೆಂಥ ದಂಡದ ಕೆಲಸ!
ಬರೆಯದೇ ಇದ್ದರಾಯಿತಲ್ಲ?'
'ಹರಿಯೋ ಕೈ ತಡೆದ ಗಳಿಗೆಗೆ
ಚೀಟಿ ತಯಾರಿರಬೇಕಲ್ಲಪ್ಪ.'

ಆಮೇಲೆ ಇಬ್ಬರೂ ಸುಮ್ಮನಾದೆವು.
ಲಕ್ವ ಹೊಡೆದ ಅವಳಮ್ಮ
ಎರಡು ವರ್ಷದಿಂದ ನನ್ನ ಹೆಸರು ಹುಡುಕುತ್ತಿದ್ದಾಳೆ.
ಎಬ್ಬಿಸಿಬಿಡಲಿ ಎಲ್ಲವನ್ನೂ, ಅಂದೆ.
ಅವಳು ಮೂಲೆಯ ಮೂಟೆ ತೋರಿಸಿದಳು:
ಹೋದ ತಿಂಗಳು ಮಿಷನ್ ಕೆಟ್ಟಾಗ ಎದ್ದವು,
ಬೆರಳುದ್ದ ಬಿಳಿ ಮೊಳಕೆ, ಗೆಡ್ಡೆಯೆಲ್ಲ ಸುಕ್ಕು,
ಜೂನಿಗೆ ನೆಡಲು ಏನಿಲ್ಲ.

ಬಾಗಿಲು ಹಾಕಿ ರಿಜಿಸ್ಟರಿನಲ್ಲಿ ಬರೆದೆ: ಮೂರು ಡಿಗ್ರಿ.
ಒಂದೇ ಒಂದು ಗೆಡ್ಡೆ
ಜೇಬಿನಲ್ಲಿ ಇಟ್ಟುಕೊಂಡು ಬಂದೆ,
ಬೆಚ್ಚಗೆ.