ಲೋಟ ಇಟ್ಟ ಸದ್ದು

ಧೋಬಿ ತಲಾವ್. ಗೋವೆಯವರ ಹಳೆಯ ಕ್ಲಬ್ಬು, ಮೂರನೇ ಮಾಳಿಗೆ.
ಹಡಗಿಗೆ ಹೋದವರು ಬಿಟ್ಟುಹೋದ ಟ್ರಂಕುಗಳ ಮೇಲೆ
ನಾವು ಐದು ಜನ, ತಿಂಗಳ ಕೊನೆಯ ಶನಿವಾರ,
ಕಂಕುಳಲ್ಲಿ ಒಂದೊಂದು ಜಾಜ್ ರೆಕಾರ್ಡು.

ಕಟ್ಟಳೆ ಒಂದೇ, ಕೈತಾನ್ ಹಾಕಿದ್ದು:
ಚೆನ್ನಾಗಿದೆ ಅನ್ನಬಾರದು.
ಎಲ್ಲಿ ತಾಗಿತು, ಅದನ್ನು ಹೇಳಬೇಕು,
ಡಾಕ್ಟರ ಮುಂದೆ ಹೇಳುವ ಹಾಗೆ.

ಅವನು ಪ್ರತಿ ಸಲ ತರುವುದು ಅದೇ ಒಂದು, ಗೀರು ಬಿದ್ದದ್ದು.
ನಿನಗೆಲ್ಲಿ ತಾಗಿತೋ ಅಂದರೆ
ಮೊಣಕೈ ತೋರಿಸುತ್ತಾನೆ:
ಇದನ್ನು ಎದೆಗವಚಿಕೊಂಡು ಬಸ್ಸಿನಿಂದ ಬಿದ್ದ ಕಲೆ.

ಫಿಲೊಮಿನಾ ಬಾಯಿ ತಂದದ್ದರಲ್ಲಿ
ಪಿಯಾನೊದವ ನುಡಿಸುತ್ತ ನುಡಿಸುತ್ತ ಗುನುಗುತ್ತಾನೆ,
ಅದೂ ಶ್ರುತಿ ತಪ್ಪಿ.
"ಬೆರಳು ಸರಿ, ಗಂಟಲು ತಪ್ಪು," ಎಂದರು.
"ನಲವತ್ತು ವರ್ಷ ಮಕ್ಕಳ ಗೆಣ್ಣಿಗೆ ಸ್ಕೇಲಿನಿಂದ ಬಡಿದೆ.
ಇವನ ಗೆಣ್ಣಿಗೂ ಬಡಿಯುತ್ತಿದ್ದೆ.
ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ."

ಸೊಹ್ರಾಬ್ ಸೇಠರಿಗೆ ತಾಗುವುದು ಬಾಸಿನ ತಂತಿ ಮಾತ್ರ.
ಬಲಗಿವಿ ಹೋಗಿದೆ, ಎಡದ್ದು ಅರ್ಧ.
ಸ್ಪೀಕರಿನ ಮರಕ್ಕೆ ಅಂಗೈ ಒತ್ತಿ ಕೂರುತ್ತಾರೆ,
ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವವರ ಹಾಗೆ.

ತೇಜಶ್ರೀಗೆ ಇಪ್ಪತ್ಮೂರು. ಅವಳ ರೆಕಾರ್ಡು ಫೋನಿನಲ್ಲಿ.
ಕೈತಾನ್ ಮುಖ ಗಂಟಿಕ್ಕಿದ.
"ಟ್ರಂಪೆಟ್ಟಿನವ ಒಂದು ಸ್ವರಕ್ಕೆ ಹೊರಟು, ಹೋಗದೆ ನಿಲ್ಲುತ್ತಾನಲ್ಲ,
ಅದಕ್ಕೆ ಕಾಯುತ್ತ ವಿರಾರ್ ಲೋಕಲಿನಲ್ಲಿ
ಅಂಧೇರಿ ಇಳಿಯುವುದು ಮರೆತೆ.
ಬೋರಿವಲಿಯೂ ಬಂತು. ಆ ಸ್ವರ ಬರಲಿಲ್ಲ."
ಗಂಟು ಸಡಿಲಿತು.
"ನನಗೆ ಸ್ಟುಡಿಯೋದಲ್ಲಿ," ಅಂದ ಕೈತಾನ್,
"ಊದಿದ್ದಕ್ಕೆ ದುಡ್ಡು ಕೊಡುತ್ತಿದ್ದರು. ಊದದೆ ಬಿಟ್ಟದ್ದಕ್ಕೆ ಯಾರೂ ಕೊಡಲಿಲ್ಲ."

ನನ್ನ ಸರದಿ.
ನನಗೆ ಸ್ವರ ಗೊತ್ತಿಲ್ಲ.
ಬೈಂದೂರಿನಿಂದ ಹದಿಮೂರಕ್ಕೆ ಬಂದವ,
ಫೋರ್ಟಿನ ಹೋಟೆಲಿನಲ್ಲಿ ಹಗಲು ಲೋಟ ಎತ್ತಿ
ರಾತ್ರಿಶಾಲೆಯಲ್ಲಿ ಒತ್ತಕ್ಷರ ತಿದ್ದಿದವ.
ಆಮೇಲೆ ಚರ್ಚ್‌ಗೇಟಿನ ಬಳಿ, ಬ್ಯಾಂಡು ಇದ್ದ ರೆಸ್ಟೊರೆಂಟು,
ಬಿಳಿ ಕೋಟು, ಹಿತ್ತಾಳೆ ಗುಂಡಿ.
ನುಡಿಸುವಾಗ ಸದ್ದಾಗಬಾರದು,
ಮ್ಯಾನೇಜರು ಕಣ್ಣಲ್ಲೇ ಸಂಬಳ ಕಡಿಯುತ್ತಿದ್ದ.
ನಾವು ಮೇಜಿಗೆ ಮೊದಲು ಕಿರುಬೆರಳು ಊರಿ
ಅದರ ಮೇಲೆ ಗಾಜು ಇಳಿಸುತ್ತಿದ್ದೆವು,
ಮಲಗಿದ ಕೂಸನ್ನು ಚಾಪೆಗೆ ಇಳಿಸಿದ ಹಾಗೆ.

ನನ್ನ ರೆಕಾರ್ಡು ಯಾವುದೋ ದೂರದ ಊರಿನ
ನೆಲಮಾಳಿಗೆಯಲ್ಲಿ, ಗಿರಾಕಿಗಳು ಕೂತಿರುವಾಗಲೇ ಹಿಡಿದದ್ದು.
ಚೋರ್ ಬಜಾರು, ಅರವತ್ತು ರೂಪಾಯಿ, ಹೊದಿಕೆ ಇಲ್ಲ,
ನುಡಿಸಿದವರ ಹೆಸರು ಗೆದ್ದಲಿನ ಹೊಟ್ಟೆಗೆ.
ಎರಡನೇ ಬದಿ. ಸ್ಯಾಕ್ಸೊಫೋನಿನವ
ಎಲ್ಲ ಬಿಟ್ಟು ಬರೀ ಉಸಿರು ಊದುತ್ತಿರುವಾಗ
ಹಿಂದೆಲ್ಲೋ, ಎಡಗಡೆ,
ಟಿಣ್.

ಸೂಜಿ ಎತ್ತಿ ಮತ್ತೆ ಇಟ್ಟೆ.
ಟಿಣ್.

ಅವನು ನಮ್ಮವನು.
ಯಾವ ಬಣ್ಣವೋ, ಯಾವ ಭಾಷೆಯೋ,
ಆ ರಾತ್ರಿ ಅವನಿಗೆಷ್ಟು ಕಡಿದರೋ.
ಕಿರುಬೆರಳು ಮರೆತ. ಯಾಕೆ ಮರೆತ?
ಕೇಳುತ್ತಿದ್ದ ಮಾರಾಯ್ರೆ. ಅವನೂ ಕೇಳುತ್ತಿದ್ದ.

ಕೆಳಗೆ ತಿರುವಿನಲ್ಲಿ ಬೆಸ್ಟ್ ಬಸ್ಸು ಬ್ರೇಕು ಹಾಕಿತು.
ಸೊಹ್ರಾಬ್ ಸೇಠರು ಒಬ್ಬೊಬ್ಬರ ಮುಖ ನೋಡಿದರು,
ಅವರಿಗೆ ಟಿಣ್ ತಲುಪಿರಲಿಲ್ಲ.

ತೇಜಶ್ರೀ ಎದ್ದಳು. ಚಹಾ ಕುಡಿದಿಟ್ಟ ಕಟಿಂಗ್ ಲೋಟ ಹಿಡಿದು
ಸೂಜಿ ಅಲ್ಲಿಗೆ ಬರುವವರೆಗೆ ಕಾದು
ಅವರ ಅಂಗೈ ಪಕ್ಕ, ಮರದ ಮೇಲೆ
ಇಟ್ಟಳು, ಸದ್ದಾಗುವ ಹಾಗೆಯೇ.
ಇತ್ತ ನನ್ನ ಕಿರುಬೆರಳು ತಾನಾಗಿ ಚಾಚಿತು.

ಸೇಠರ ಹುಬ್ಬು ಎದ್ದಿತು.
"ಮತ್ತೊಮ್ಮೆ," ಎಂದರು.