ಒಂಬತ್ತನೆಯ ಸಾಲು

ಅಜ್ಜ ಬರೆದ ಹಲಗೆ ಇದು.
ಅವನಿಗೆ ಗೊತ್ತಿದ್ದದ್ದು ಗಾಡಿಗಳ ಮೈಮೇಲೆ ಒಡೆಯರ ಹೆಸರು,
ಹೆಂಡದಂಗಡಿಯ ಬೋರ್ಡಿಗೆ ನೇಗಿಲು, ಹುಂಜ,
ಒಮ್ಮೆ ಒಂದು ತಿಮಿಂಗಿಲ. ಕಡಲಿಗೆ ಹೋಗಿ ಬಂದವರು ನಕ್ಕರಂತೆ.
ಯುದ್ಧ ಮುಗಿದ ಚಳಿಗಾಲ ಪಾದ್ರಿ ಕರೆಸಿ
ಓಕ್ ಮರದ ಹಲಗೆ ತೋರಿಸಿದರು: ಊರಿಂದ ಹೋದವರೆಲ್ಲ
ಇದರಲ್ಲಿ ಬರಬೇಕು,
ಸತ್ತವರ ಹೆಸರಿನ ಮುಂದೆ ಸಣ್ಣದೊಂದು ಶಿಲುಬೆ.

ನಲವತ್ತೊಂದು ಹೆಸರು. ಅಕ್ಷರಕ್ಕೊಂದು ಪೆನ್ನಿ.
ಸಾರ್ಡಿಸನ್ ಮನೆಯ ಮೂವರಿಂದ ಒಳ್ಳೇ ಸಂಪಾದನೆ,
ಲೀಕ್ ಎಂಬ ಕುರಿ ಕಾಯುವ ಹುಡುಗನಿಂದ ಏನೂ ಗಿಟ್ಟಲಿಲ್ಲ
ಎಂದು ಮುದುಕನಾದ ಮೇಲೂ ಲೆಕ್ಕ ಒಪ್ಪಿಸುತ್ತಿದ್ದ.
ಹನ್ನೆರಡು ಶಿಲುಬೆಗೆ ಮಾತ್ರ
ಕಾಸು ಮುಟ್ಟಲಿಲ್ಲ.

ಒಂಬತ್ತನೆಯ ಸಾಲು: ಜೇಬೆಜ್ ಡೌಸ್. ಶಿಲುಬೆ.
ಕಾಣೆಯಾಗಿದ್ದಾನೆ ಎಂದು ಒಂದು ಕಾಗದ,
ತೀರಿಕೊಂಡಿರಬಹುದು ಎಂದು ಇನ್ನೊಂದು,
ಆಮೇಲೆ ಕಾಗದವೂ ಇಲ್ಲ.
ಅವನ ತಾಯಿ ಇದ್ದೊಂದು ನೀಲಿ ಉಡುಪನ್ನು
ಹಂಡೆಗೆ ಹಾಕಿ ಕಪ್ಪು ಬಣ್ಣದಲ್ಲಿ ಕುದಿಸಿದಳು.
ಬೀದಿಯ ಚರಂಡಿಯಲ್ಲಿ ಎರಡು ದಿನ ಮಸಿ ಹರಿಯಿತು.

ಹಲಗೆ ತೂಗಿಹಾಕಿ ಮೂರು ಭಾನುವಾರ ಆಗಿತ್ತು.
ಆಲೂಗಡ್ಡೆ ಹೂಬಿಟ್ಟ ಹೊಲದ ಅಂಚು ಹಿಡಿದು
ಸ್ಟೇಷನ್ನಿನಿಂದ ಒಂದು ಕಾಲೆಳೆಯುತ್ತ ಬಂದ ಜೇಬೆಜ್.
ಎಲ್ಲಿದ್ದೆಯೋ ಎಂದವರಿಗೆಲ್ಲ ‘ಪೂರ್ವದ ಕಡೆ’ ಎಂದ, ಅಷ್ಟೇ.
ನಮ್ಮೂರಿಂದ ಪೂರ್ವಕ್ಕೆ ಇರುವುದು ಕಡಲೊಂದೇ.

ನಾಲ್ಕನೆಯ ಭಾನುವಾರ ತಾಯಿಯ ತೋಳು ಹಿಡಿದು ಒಳಬಂದ.
ಮೊದಲ ಕೀರ್ತನೆಗೆ ಎದ್ದಾಗ ಕಣ್ಣು ಗೋಡೆಗೆ ಹೋಯಿತು.
ಊರಿಗೆ ಊರೇ ಪುಸ್ತಕದಲ್ಲಿ ಮುಖ ಹುದುಗಿಸಿತು.
ಹಾಡು ಯಾರ ಗಂಟಲಿನಿಂದಲೂ ಸರಿಯಾಗಿ ಹೊರಡಲಿಲ್ಲ,
ಆರ್ಗನ್ ಒಂದೇ ನಡೆದುಕೊಂಡು ಹೋಯಿತು
ಹಿಂದೆ ತಿರುಗಿ ನೋಡದೆ.

ಸೋಮವಾರ ಅಜ್ಜ ಚಾಕು, ಟರ್ಪೆಂಟೈನ್ ಹಿಡಿದು ಏಣಿ ಹತ್ತಿದ.
ಕೆಳಗೆ ಏಣಿ ಹಿಡಿದು ನಿಂತವನು ಜೇಬೆಜನೇ.
‘ನನಗಿಂತ ನೆಟ್ಟಗೆ ನಿಲ್ಲಿಸಿದೀಯಲ್ಲೋ ಅದನ್ನ,’ ಅಂದನಂತೆ,
‘ಕೆಡವೋಕೆ ಹೇಗೆ ಮನಸ್ಸು ಬರುತ್ತೆ?’
ಅಜ್ಜನ ಕೈ ನಡುಗಿತು. ಚಾಕು ಬೇಕಾದ್ದಕ್ಕಿಂತ ಆಳಕ್ಕಿಳಿಯಿತು.
ಚಿನ್ನ ಉದುರಿತು, ಎಣ್ಣೆ ಕುಡಿದ ಮರ
ಕುಡಿದದ್ದನ್ನು ಬಿಟ್ಟುಕೊಡಲಿಲ್ಲ.
ತಾಯಿಯ ಉಡುಪೂ ಹಾಗೆಯೇ. ಎಷ್ಟು ಒಗೆದರೂ
ನೀಲಿ ಮರಳಲಿಲ್ಲ, ಬೇರೆ ಕೊಳ್ಳಲು ದುಡ್ಡಿರಲಿಲ್ಲ.
ಬದುಕಿ ಬಂದ ಮಗನ ಪಕ್ಕ, ಆರು ವರ್ಷ,
ಕಪ್ಪು ತೊಟ್ಟೇ ಕೂತಳು.

ನನಗೆ ಗೊತ್ತಿದ್ದ ಜೇಬೆಜ್ ಗಂಟೆ ಹೊಡೆಯುವವನು,
ಗುಂಡಿ ತೋಡುವವನು, ಜೇಬಿನಲ್ಲಿ ಪುದೀನಾ ಮಿಠಾಯಿ,
ಅದಕ್ಕೆ ಅಂಟಿದ ಮಣ್ಣು.
ನವೆಂಬರಿನಲ್ಲಿ ಹೆಸರು ಓದುವ ಹೊತ್ತಿಗೆ ಒಳಗಿರುತ್ತಿರಲಿಲ್ಲ;
ಗೋಪುರದ ಹಗ್ಗ ನೋಡಬೇಕು ಎನ್ನುತ್ತಿದ್ದ.
ಸತ್ತದ್ದು ಹಾಸಿಗೆಯಲ್ಲೇ, ಅರವತ್ತೊಂದರ ಮಾರ್ಚಿನಲ್ಲಿ.
ಶಿಲುಬೆ ಮತ್ತೆ ಬರೆಸೋಣವೇ ಎಂದು ಸಭೆಯಲ್ಲಿ ಯಾರೋ ಕೇಳಿದರು.
ಮೌನ. ಆಮೇಲೆ ಮುಂದಿನ ವಿಷಯ:
ಉತ್ತರದ ಸೂರಿನಲ್ಲಿ ಸೋರಿಕೆ.

ಈಗ ಒರೆಸುವ ಪಾಳಿ ನನ್ನದು, ತಿಂಗಳಿಗೊಮ್ಮೆ,
ಜೇನುಮೇಣ, ಹಳೇ ಬನಿಯನ್ನಿನ ತುಂಡು.
ಅಕ್ಟೋಬರಿನ ಸಂಜೆ ಬಿಸಿಲು ಓರೆಯಾಗಿ ಬಿದ್ದರೆ
ಅದು ಏಳುತ್ತದೆ, ನೆರಳಿನಷ್ಟೇ ಶಿಲುಬೆ.
ಉಳಿದ ದಿನ ಕಣ್ಣಿಗಿಲ್ಲ,
ಬೆರಳಿಗೆ ಒಂದು ತಗ್ಗು.

ಹೋದ ವಾರ ಲಿಂಕನ್ನಿನ ಕಂಪನಿಯಿಂದ ಅಂದಾಜುಪಟ್ಟಿ:
ಹುಳದ ಮದ್ದಿಗೆ ಇಷ್ಟು. ಚಿನ್ನದ ರೇಕಿಗೆ ಇಷ್ಟು.
ಒಂಬತ್ತನೆಯ ಸಾಲಿನ ಬಳಿ ಗೀರು,
ತುಂಬಿ ಸಮ ಮಾಡಲು ನಲವತ್ತು ಪೌಂಡು.
ಅದರೆದುರು ಪೆನ್ಸಿಲಿನಲ್ಲಿ ‘ಬೇಡ’ ಎಂದು ಬರೆದೆ.
ಕಾರಣ ಬರೆಯಲು ಅವರು ಬಿಟ್ಟ ಜಾಗ
ಅರ್ಧ ಅಂಗುಲ.